ಎಡೆಗೊಂದು ಗೆಂಡೆ

ಆಗಸ್ಟ್ 19, ಮಂಗಳವಾರ

ಬೆಳಿಗ್ಗೆಯೆಲ್ಲ ಲ್ಯಾಬ್‌ನಲ್ಲಿ ಫಾಸ್ಟಿಂಗ್ ರಕ್ತದ ಸ್ಯಾಂಪಲ್. ಕೈ ಚಾಚುತ್ತಾರೆ, ರಬ್ಬರ್ ಕಟ್ಟುತ್ತೇನೆ, ನರ ಹುಡುಕುತ್ತೇನೆ, ಚುಚ್ಚುತ್ತೇನೆ. ಮುಂದಿನವರು. ಒಬ್ಬ ಹೆಂಗಸು ಮುಖ ಆ ಕಡೆ ತಿರುಗಿಸಿಕೊಂಡಿದ್ದವಳು, ನಿಮ್ಮ ಕೈ ಬಲು ಹಗುರ ಕಣಮ್ಮ, ಚುಚ್ಚಿದ್ದೇ ಗೊತ್ತಾಗಲಿಲ್ಲ ಎಂದಳು. ನನಗೂ ಗೊತ್ತಾಗಿರಲಿಲ್ಲ. ಫೆಬ್ರವರಿಯಿಂದ ಎಲ್ಲವೂ ಹೀಗೇ.

ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟು ನೇರವಾಗಿ ಶುರು ಮಾಡಿದರು. ಮಹಾಲಯ ಅಮಾವಾಸ್ಯೆ ಬರುತ್ತಿದೆ. ಇವರಿಗೆ ಇದು ಮೊದಲನೆಯ ಎಡೆ. ಏನೇನು ಇಡಬೇಕು ಎಂದು ಯೋಚಿಸಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ಗೊತ್ತಿತ್ತು ಎನ್ನುವ ಹಾಗೆ ನೋಡಿದರು.

ಇವರು ಅಂದರೆ ಸಿದ್ದೇಶ್. ನನ್ನದೇ ಡೈರಿ, ಹೀಗೆ ಬಿಡಿಸಿ ಬರೆಯಬೇಕಾಗಿಲ್ಲ. ಆದರೂ ಹೆಸರು ಬರೆದರೆ ಏನಾದರೂ ಆಗುತ್ತದೋ ನೋಡೋಣವೆಂದು ಬರೆದೆ. ಆಗಲಿಲ್ಲ. ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಸಿದ್ದೇಶ್, ಫೆಬ್ರವರಿಯ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲಲ್ಲಿ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ನಾನು ಅಳಲಿಲ್ಲ. ಶಾಕ್ ಅಂದರು. ಆಮೇಲೆ ಧೈರ್ಯ ಅಂದರು. ಈಗ ಏನೂ ಅನ್ನುವುದಿಲ್ಲ, ನೋಡುತ್ತಾರೆ ಅಷ್ಟೆ.

ಅತ್ತೆಯ ಮಾತು ಇದು: 'ನನ್ ಮಗ ಹಿನ್ನೀರಲ್ಲಿ ಹಿಡ್ಕಂಡ್ ಬತ್ತಿದ್ನಲ್ಲ ಗೆಂಡೆ, ಅದೇ ಆಗ್ಬೇಕು. ಗಾಳ ಹಾಕಿ ಹಿಡ್ದಿದ್ದಾಗ್ಬೇಕು. ಮಾರ್ಕೆಟ್ ಮೀನ್ ಇಟ್ರೆ ಅವ್ನು ಮುಟ್ಟಾಕಿಲ್ಲ ಕಣವ್ವ. ಹಸ್ಕಂಡೇ ವಾಪಸ್ ಹೊಂಟೋಯ್ತಾನೆ.'

ಆಗಲಿ ಎಂದೆ. ಯಾರು ಹಿಡಿಯಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಗಸ್ಟ್ 21, ಗುರುವಾರ

ಮೈದುನ ಅಮರ್‌ಗೆ ಫೋನ್ ಮಾಡಿದೆ. ಅವನು ಬುದ್ಧ ವಿಹಾರಕ್ಕೆ ಹೋಗುವವನು, ಎಡೆ ಗಿಡೆ ಒಪ್ಪುವುದಿಲ್ಲ. ಅತ್ತಿಗೆ, ಓದಿದವರು ನೀವೇ ಹೀಗಂದರೆ ಹೇಗೆ ಎಂದ. ನಾನು ಓದಿದ್ದು ಡಿಎಂಎಲ್‌ಟಿ, ಲ್ಯಾಬ್ ಡಿಪ್ಲೊಮಾ. ಅದರಲ್ಲಿ ಎಡೆಯ ವಿಷಯ ಇರಲಿಲ್ಲ ಎಂದೆ. ನಕ್ಕ. ಮೀನು ಮಾತ್ರ ತಂದುಕೊಡುವುದಿಲ್ಲ ಎಂದ.

ಆಮೇಲೆ ಲೋಕೇಶ್‌ಗೆ ಮಾಡಿದೆ. ವರ್ಕ್‌ಶಾಪಿನಲ್ಲಿ ಇವರ ಪಕ್ಕದಲ್ಲೇ ಕೆಲಸ ಮಾಡುವವನು. ಭಾನುವಾರ ಭಾನುವಾರ ಕೆಆರ್‌ಎಸ್ ಹಿನ್ನೀರಿಗೆ ಇಬ್ಬರೂ ಜೊತೆಯಲ್ಲಿ ಹೋಗುತ್ತಿದ್ದರು. ವಿಷಯ ಹೇಳಿದೆ. ಎಡೆಗೊಂದು ಗೆಂಡೆ ಹಿಡಿದುಕೊಡಿ ಅಂದೆ. ಫೆಬ್ರವರಿಯಿಂದ ನಾನೂ ಹೋಗಿಲ್ಲ ಅಕ್ಕ ಎಂದ. ಮಾರ್ಕೆಟ್‌ನಲ್ಲೇ ಒಳ್ಳೆಯದು ನೋಡಿ ತರ್ತೀನಿ, ಅಮ್ಮನಿಗೆ ಹೇಳಬೇಡಿ ಎಂದ. ಯಾಕೋ ತಡವರಿಸುತ್ತಿದ್ದ.

ಹಾಗಾದರೆ ನಾನೇ ಬಂದು ಹಿಡಿಯುತ್ತೇನೆ, ಜಾಗ ತೋರಿಸಿ ಸಾಕು ಎಂದುಬಿಟ್ಟೆ. ಯಾಕೆ ಹಾಗಂದೆನೋ. ಭಾನುವಾರ ಹೇಗೂ ಮಾಡಲು ಏನೂ ಇರುವುದಿಲ್ಲ.

ಆಗಸ್ಟ್ 24, ಭಾನುವಾರ, ಸಂಜೆ

ಹೋಗಿ ಬಂದೆ. ಲೋಕೇಶ್ ಬೈಕಿನ ಹಿಂದೆ ಅವನ ಹೆಂಡತಿ ಮಾಲಾ. ಗಂಡ ಒಬ್ಬನೇ ನನ್ನ ಜೊತೆ ಬಂದರೆ ನೋಡಿದವರು ಏನಂದಾರು ಎಂದು ಅವಳೂ ಹೊರಟಿದ್ದಳು. ಅದನ್ನು ಹೇಳಲೂ ಹೇಳಿದಳು. ನನಗೆ ಅವಳು ಇಷ್ಟವಾಗುತ್ತಾಳೆ, ಒಳಗೊಂದು ಹೊರಗೊಂದು ಇಲ್ಲ. ನಾನು ನನ್ನ ಸ್ಕೂಟಿಯಲ್ಲಿ. ಇವರ ರಾಡ್ ಕಾಲ ಹತ್ತಿರ ಓರೆಯಾಗಿ ಕಟ್ಟಿಕೊಂಡಿದ್ದೆ. ಹಿನಕಲ್ ಸಿಗ್ನಲ್‌ನಲ್ಲಿ ಪೊಲೀಸಿನವನು ಏನಮ್ಮಾ ಇದು ಎಂದ. ಗಾಳ ಎಂದೆ. ಹೋಗಿ ಎಂದ.

ಇಲವಾಲ ದಾಟಿ ಎಡಕ್ಕೋ ಬಲಕ್ಕೋ ತಿರುಗಿ, ಹೊಲದ ನಡುವಿನ ಮಣ್ಣು ದಾರಿ. ಆಮೇಲೆ ನೀರು. ಇಷ್ಟು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ. ದೊಡ್ಡದು. ಆಚೆ ದಡ ಕಾಣಿಸುವುದಿಲ್ಲ. ಮುಳುಗಿದ ಮರಗಳ ತುದಿ ಮಾತ್ರ ಅಲ್ಲಲ್ಲಿ.

ಗಾಳಕ್ಕೆ ರಾಗಿ ಮುದ್ದೆ ಬೇಕು ಎಂದಿದ್ದ. ಮನೆಯಲ್ಲಿ ಉಣ್ಣಲು ಮಾಡುವ ಹಾಗೆಯೇ ಮಾಡಿಕೊಂಡು ಹೋಗಿದ್ದೆ, ನುಣ್ಣಗೆ, ಗಂಟಿಲ್ಲದೆ, ತುದಿಯಲ್ಲೊಂದು ಚೂರು ತುಪ್ಪ ಕೂಡ. ನೀರಿಗೆ ಬಿದ್ದ ಕೂಡಲೇ ಕರಗಿಹೋಯಿತು. ಲೋಕೇಶ್ ನಗು ತಡೆದುಕೊಂಡು ತಿರುಗಿ ನಿಂತ. ಗಟ್ಟಿಯಾಗಿ ಕಲ್ಲಿನಂತೆ ಇರಬೇಕಂತೆ, ಕಡಲೆಕಾಯಿ ಹಿಂಡಿ ಬೆರೆಸಿ ನಾದಬೇಕಂತೆ. ಮಾಲಾ ಮಾತ್ರ ಬಿದ್ದೂ ಬಿದ್ದೂ ನಕ್ಕಳು, ಉಪ್ಪಿನಕಾಯಿ ತರಲಿಲ್ಲವೇ ಅಕ್ಕ ಎಂದಳು.

ಗಾಳದ ದಾರಕ್ಕೆ ಕಟ್ಟಿದ ಬೆಂಡು ನೀರಿನ ಮೇಲೆ ನಿಂತಿರುತ್ತದೆ. ಅದನ್ನೇ ನೋಡುತ್ತಿರಬೇಕು. ಮುಳುಗಿದರೆ ಎಳೆಯಬೇಕು. ಮುಳುಗಲಿಲ್ಲ. ಮಧ್ಯಾಹ್ನದವರೆಗೂ ಕೂತೆ. ಬೇಜಾರಾಗಲಿಲ್ಲ. ಖುಷಿಯೂ ಆಗಲಿಲ್ಲ. ಮನೆಯಲ್ಲಿ ಗೋಡೆ ನೋಡುತ್ತಿದ್ದವಳು ಅಲ್ಲಿ ನೀರು ನೋಡಿದೆ.

ಬರಿಗೈಯಲ್ಲಿ ಬಂದದ್ದು ಕಂಡು ಅತ್ತೆ, ಅವನು ಯಾವತ್ತೂ ಹೀಗೆ ಬಂದವನಲ್ಲ ಎಂದರು.

ಆಗಸ್ಟ್ 27, ಬುಧವಾರ

ಗೌರಿ ಗಣೇಶ. ಈ ವರ್ಷ ನಮಗಿಲ್ಲ. ಅತ್ತೆಯ ತಂಗಿ ಬಂದಿದ್ದರು. ಅಡುಗೆಮನೆಗೆ ಬಂದು ನನ್ನ ತಲೆ ಸವರಿ, ಒಂದ್ಸಲ ಅತ್ತುಬುಡು ಕಣವ್ವ, ಒಳಗೇ ಇಟ್ಕಂಡ್ರೆ ಹುಳ ಬೀಳ್ತದೆ ಎಂದರು. ಸರಿ ಚಿಕ್ಕತ್ತೆ ಎಂದೆ. ಕುಕ್ಕರ್ ಕೂಗಿತು. ಇಳಿಸಿದೆ.

ಅವರಿಬ್ಬರೂ ಹಾಲ್‌ನಲ್ಲಿ ಪಿಸುಗುಟ್ಟಿದ್ದು ಕೇಳಿಸಿತು. ಹೆತ್ತಿದ್ದರೆ ಗೊತ್ತಾಗುತ್ತಿತ್ತು ಸಂಕಟ, ಎಂದರು ತಂಗಿ. ಅತ್ತೆ ಹೂಂ ಅನ್ನಲಿಲ್ಲ. ಆ ಮಾತನ್ನು ಈ ಮನೆಯಲ್ಲಿ ಆಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಅದಕ್ಕಾದರೂ ಅತ್ತೆಗೆ ಋಣಿ.

ಆಗಸ್ಟ್ 31, ಭಾನುವಾರ

ಬರೆಯಲೋ ಬೇಡವೋ.

ಇವತ್ತೂ ಬೀಳಲಿಲ್ಲ. ಹಿಂಡಿ ಹಾಕಿ ಗಟ್ಟಿ ಮಾಡಿಕೊಂಡು ಹೋಗಿದ್ದೆ, ಗಾಳದಲ್ಲಿ ನಿಂತಿತು, ಮೀನು ಬರಲಿಲ್ಲ. ಲೋಕೇಶ್‌ಗೆ ಅಂಗೈಯಷ್ಟಗಲದ ಜಿಲೇಬಿ ಮೀನು ಬಿತ್ತು. ಇದನ್ನೇ ಇಡಿ ಅಕ್ಕ ಅಂದ. ಅತ್ತೆ ಒಪ್ಪಬೇಕಲ್ಲ. ಬೇಡ ಎಂದೆ.

ಬರುವಾಗ ಮೇನ್ ರೋಡಿಗೆ ಸೇರುವ ಕಡೆ ಟಾರ್ಪಾಲು ಕಟ್ಟಿಕೊಂಡು ಒಬ್ಬ ಹೆಂಗಸು ಮೀನು ಮಾರುತ್ತಾಳೆ. ಹರಿಗೋಲಿನವರು ಬಲೆ ಹಾಕಿ ತಂದದ್ದು. ಕೆಂಚಮ್ಮ ಅಂತ ಹೆಸರು. ಲೋಕೇಶ್ ಯಾಕೋ ಜೋರಾಗಿ ಹೋಗಿಬಿಡಲು ನೋಡಿದ. ಅವಳು ರಸ್ತೆಗೇ ಬಂದು ಬೈಕು ನಿಲ್ಲಿಸಿದಳು.

'ಎಲ್ಲಣ್ಣ ನಿನ್ ಜೊತೆಗಾರ? ಬರೋದೇ ಬುಟ್ಬುಟ್ನಲ್ಲ. ಭಾನ್ವಾರ ಭಾನ್ವಾರ ಅವ್ನಿಗೇ ಅಂತ ಒಳ್ಳೇ ಗೆಂಡೆ ಎತ್ತಿಟ್ಟು, ಕೊನೆಗೆ ಕಂಡೋರಿಗೆ ಕೊಟ್ಟೆ.'

ನಾನು ಹಿಂದೆ ಸ್ಕೂಟಿ ನಿಲ್ಲಿಸಿದ್ದೆ. ಪೂರ್ತಿ ಕೇಳಿಸಿತು. ಲೋಕೇಶ್ ನನ್ನ ಮುಖ ನೋಡಲಿಲ್ಲ. ಸಿದ್ದೇಶಣ್ಣ ತೀರಿಕೊಂಡರು ಕಣಕ್ಕ, ಇವರು ಅವರ ಮನೆಯವರು ಎಂದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಕ್ಕರಿಸಿದಳು. ಯಾರೋ ಮೀನು ಮಾರುವವಳು. ಅವಳಿಗೆ ಆ ಕ್ಷಣಕ್ಕೆ ಅಳು ಬಂತು. ನಾನು ಹೆಲ್ಮೆಟ್ ಹಾಕಿಕೊಂಡು ನಿಂತಿದ್ದೆ.

ಆಮೇಲೆ ಕೇಳಿದೆ. ಯಾವ ಗೆಂಡೆ? ಲೋಕೇಶ್ ಮಾಲಾಳನ್ನು ನೋಡಿದ. ಹೇಳಿಬಿಡಿ ಎಂದಳು ಮಾಲಾ.

'ಬೈಕೋಬೇಡಿ ಅಕ್ಕ. ಸಿದ್ದೇಶಣ್ಣ ಮೀನು ಹಿಡೀತಿರ್ಲಿಲ್ಲ. ಇಲ್ಲಿಂದ ತಗಂಡೋಗ್ತಿದ್ರು.'

ಯಾವಾಗಿನಿಂದ?

'ಮೊದ್ಲಿಂದ್ಲೂ.'

ಮನೆಗೆ ಬಂದೆ. ಅತ್ತೆಗೆ ಇವತ್ತೂ ಇಲ್ಲ ಎಂದೆ. ಅನ್ನ ಸಾರು ಮಾಡಿದೆ. ಅಷ್ಟೆ.

ಸೆಪ್ಟೆಂಬರ್ 6, ಶನಿವಾರ

ಸಿಟ್ಟು ಬಂದಿದೆ. ನಿನ್ನೆ ಲ್ಯಾಬ್‌ನಲ್ಲಿ ಒಂದು ಟ್ಯೂಬ್ ಕೈಜಾರಿ ಒಡೆಯಿತು. ಗುಡಿಸುತ್ತಾ ಕೂತಾಗ ಬಂತು. ಬಂದಿದ್ದು ಹೋಗುತ್ತಿಲ್ಲ.

ಸುಳ್ಳ. ಏಕವಚನದಲ್ಲೇ ಬರೆಯುತ್ತೇನೆ, ಯಾರು ಓದಬೇಕು. ಮದುವೆಯಾದಾಗಿನಿಂದ ಭಾನುವಾರ ನನಗಿಲ್ಲ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಎದ್ದು ಫ್ಲಾಸ್ಕಿಗೆ ಕಾಫಿ ಹಾಕಿಕೊಟ್ಟಿದ್ದೇನೆ. ಅಕ್ಕನ ಮಗಳ ನಾಮಕರಣಕ್ಕೂ ಒಬ್ಬಳೇ ಹೋಗಿದ್ದೇನೆ, ಸೀಸನ್ ಕಣೆ, ಈಗ ಬಿಟ್ಟರೆ ಸಿಗಲ್ಲ ಎಂದಿದ್ದ. ಮಧ್ಯಾಹ್ನ ಚೀಲ ತಂದು ಸಿಂಕ್‌ನಲ್ಲಿ ಸುರಿಯುತ್ತಿದ್ದ. ಆ ಮೀನಿನ ಹುರುಪೆ ತೆಗೆದದ್ದು ನಾನು. ಕರುಳು ತೆಗೆದದ್ದು ನಾನು. ಸೋಮವಾರ ಲ್ಯಾಬ್‌ನಲ್ಲಿ ಕೈ ವಾಸನೆ ಬರುತ್ತದೆಂದು ನಿಂಬೆಹಣ್ಣು ಉಜ್ಜಿಕೊಂಡದ್ದೂ ನಾನು. ಅವನು ಹಾಲ್‌ನಲ್ಲಿ ಅವ್ವನ ಮುಂದೆ ಕಾಲು ಚಾಚಿಕೊಂಡು, ಮೀನು ಹೇಗೆ ಬಿತ್ತು, ಹೇಗೆ ಎಳೆಯಿತು, ಹೇಗೆ ತಪ್ಪಿಸಿಕೊಳ್ಳಲು ನೋಡಿತು ಎಂದು ಕಥೆ ಹೊಡೆಯುತ್ತಿದ್ದ. ಅತ್ತೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಬೇರೆ ಹೆಂಗಸೇನಾದರೂ ಇದ್ದಿದ್ದರೆ ಅರ್ಥವಾದರೂ ಆಗುತ್ತಿತ್ತು. ಜಗಳ ಆಡಬಹುದಿತ್ತು. ಇದಕ್ಕೆ ಏನೆನ್ನಬೇಕು? ನೀರಿನ ಮುಂದೆ ಕೂತು ಬರಲು ಹೆಂಡತಿಗೆ ಸುಳ್ಳು ಹೇಳುವ ಗಂಡನಿಗೆ?

ಎಡೆಗೆ ಕೆಂಚಮ್ಮನ ಮೀನೇ ತಂದಿಟ್ಟರೆ ಮುಗಿಯಿತು. ಅವನ ಮೀನು ಅದೇ ತಾನೇ.

ಇಲ್ಲ. ಅತ್ತೆ ಕೇಳಿದ್ದು ಗಾಳದ ಮೀನು. ಅವನು ಒಂದು ದಿನವೂ ತರದಿದ್ದದ್ದನ್ನು ನಾನು ತಂದು ಎಲೆಯ ಮೇಲಿಡುತ್ತೇನೆ. ನೋಡಿಕೊಂಡು ಉಣ್ಣಲಿ.

ಸೆಪ್ಟೆಂಬರ್ 14, ಭಾನುವಾರ

ಕಳೆದ ವಾರ ಹೋಗಲಾಗಲಿಲ್ಲ, ಗ್ರಹಣ ಎಂದು ಅತ್ತೆ ಬಿಡಲಿಲ್ಲ. ಇವತ್ತು ಹೋದೆ. ದಾರಿಯುದ್ದಕ್ಕೂ ದಸರಾ ದೀಪ ಕಟ್ಟುತ್ತಿದ್ದಾರೆ.

ನೀರು ತುಂಬಿದೆ. ಮೊದಲ ದಿನ ಕೂತಿದ್ದ ಕಲ್ಲು ಈಗ ಇಲ್ಲ. ಮೇಲೆ ಒಂದು ಜಾಲಿ ಮರದ ಪಕ್ಕ ಕೂತೆ. ಮಾಲಾ ಚಾಪೆ ಹಾಸಿ ಮಲಗಿದಳು. ಲೋಕೇಶ್ ದೂರದಲ್ಲಿದ್ದ. ಕರೆದೆ. ಇವರು ಇಲ್ಲಿ ಏನು ಮಾಡುತ್ತಿದ್ದರು, ನಿಜ ಹೇಳಿ ಎಂದೆ. ಕುಡಿಯುತ್ತಿದ್ದರಾ? ಅಯ್ಯೋ ಇಲ್ಲ ಎಂದ. ಫೋನಾ? ಇಲ್ಲಿ ನೆಟ್‌ವರ್ಕೇ ಇಲ್ಲ ಎಂದ.

'ಕೂತಿರ್ತಿದ್ರು ಅಕ್ಕ. ಎಷ್ಟೋ ಸಲ ಗಾಳಕ್ಕೆ ಮುದ್ದೆನೇ ಸಿಕ್ಕಿಸ್ತಿರ್ಲಿಲ್ಲ. ಬರೀ ಗಾಳ ನೀರಿಗೆ ಬಿಟ್ಕೊಂಡು ಕೂತಿರೋರು. ಒಂದಿನ ಕೇಳ್ದೆ. ಮನೇಲಿ ಸುಮ್ನೆ ಕೂತ್ರೆ ಯಾಕೆ ಏನಾಯ್ತು ಅಂತಾರೆ ಲೋಕಿ, ಕೈಯಾಗೆ ಗಾಳ ಇದ್ರೆ ಯಾರೂ ಕೇಳಾಕಿಲ್ಲ ಅಂದ್ರು.'

ಅಷ್ಟು ಹೇಳಿ ಹೋದ.

ಯಾಕೆ ಏನಾಯ್ತು ಎಂದು ಕೇಳುತ್ತಿದ್ದವಳು ನಾನೇ. ಅವನು ಸುಮ್ಮನಿದ್ದರೆ ನನಗೆ ತಡೆಯುತ್ತಿರಲಿಲ್ಲ. ಹೇಳಿ, ಹೇಳಿ ಎಂದು ಬೆನ್ನು ಬೀಳುತ್ತಿದ್ದೆ. ಈಗ ಎಲ್ಲರೂ ನನ್ನನ್ನು ಕೇಳುತ್ತಿದ್ದಾರೆ. ಲ್ಯಾಬ್‌ನಲ್ಲಿ, ಮನೆಯಲ್ಲಿ, ತರಕಾರಿ ಅಂಗಡಿಯಲ್ಲಿ. ಹೇಗಿದ್ದೀಯಾ, ಊಟ ಮಾಡಿದೆಯಾ, ಯಾಕೆ ಹೀಗಿದ್ದೀಯಾ. ಮೂರು ವಾರದಿಂದ ಯಾರೂ ಏನೂ ಕೇಳದ ಜಾಗ ಅಂದರೆ ಇದೊಂದೇ. ಅದು ಇವತ್ತು ಗೊತ್ತಾಯಿತು. ಸಿಟ್ಟು ಇದೆ. ಆದರೆ ಅದರ ಕಾವು ಇಳಿದಿದೆ.

ಮೀನು ಬೀಳಲಿಲ್ಲ. ಇನ್ನು ಒಂದೇ ವಾರ.

ಸೆಪ್ಟೆಂಬರ್ 20, ಶನಿವಾರ, ಸಂಜೆ 7

ಬಿತ್ತು.

ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಲೋಕೇಶ್, ಮಾಲಾ ಇಬ್ಬರೂ ಬಂದಿದ್ದರು. ಮೋಡ ಕವಿದಿತ್ತು. ಬೆಂಡು ಒಂದು ಸಲ ಅಲುಗಿ ನಿಂತಿತು. ಗಾಳಿ ಅಂದುಕೊಂಡೆ. ಮತ್ತೆ ಅಲುಗಿತು. ಆಮೇಲೆ ಓರೆಯಾಗಿ ಸರಿದು ಕಾಣೆಯಾಯಿತು. ಎದ್ದು ನಿಂತು ಎಳೆದೆ. ಆ ಕಡೆಯಿಂದಲೂ ಎಳೆಯಿತು. ಅಷ್ಟು ಬಲ ಇರುತ್ತದೆಂದು ಯಾರೂ ಹೇಳಿರಲಿಲ್ಲ. ರೀಲ್ ಕೈಯಲ್ಲಿ ಕಿರುಗುಟ್ಟುತ್ತಾ ಬಿಚ್ಚಿಕೊಂಡಿತು. ಲೋಕೇಶ್ ಓಡಿ ಬಂದವನು ಕೈ ಕಟ್ಟಿ ನಿಂತುಬಿಟ್ಟ, ನೀವೇ ಎಳೀರಿ ಅಕ್ಕ, ನಾನು ಮುಟ್ಟಲ್ಲ, ಎಡೆಯದು ಎಂದ. ಮಾಲಾ ಹಿಂದಿನಿಂದ ನನ್ನ ಸೊಂಟ ಹಿಡಿದುಕೊಂಡಳು, ನಾನೆಲ್ಲಿ ನೀರಿಗೆ ಬೀಳುತ್ತೇನೋ ಎಂದು. ಬಿಡು ಎಂದರೆ ಬಿಡಲಿಲ್ಲ.

ಸುಸ್ತಾಗಿ ದಡಕ್ಕೆ ಬಂತು. ಗೆಂಡೆಯೇ. ಮೊಣಕೈಯಿಂದ ಬೆರಳ ತುದಿಯವರೆಗೂ ಬರುವಷ್ಟು ಉದ್ದ, ಹೊಟ್ಟೆ ಹಳದಿ. ಗಾಳ ಬಿಡಿಸಿದವಳೂ ನಾನೇ. ದಿನಾ ಚುಚ್ಚುವ ಕೈ. ಮಾಲಾ ನನ್ನ ಮುಖ ನೋಡಿ, ನಗ್ತಿದ್ದೀರಲ್ಲ ಅಕ್ಕ ಎಂದಳು. ಇದ್ದರೂ ಇರಬಹುದು.

ಮನೆಗೆ ಬಂದು ಅತ್ತೆಯ ಮುಂದೆ ತಟ್ಟೆಯಲ್ಲಿಟ್ಟೆ. ನಾನೇ ಹಿಡಿದದ್ದು ಅತ್ತೆ, ಎಂದೆ. ಲೈಟಿನ ಕೆಳಗೆ ಎತ್ತಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮುಖ ಸಪ್ಪಗಾಯಿತು.

'ಇದ್ರ ಬಾಯ್ ನೋಡು, ಎಂಗ್ ಹರ್ದೋಗದೆ. ನನ್ ಮಗ ಹಿಡ್ದ ಮೀನಿನ ಬಾಯಿ ಒಂದಿನಾನೂ ಇಂಗ್ ಹರ್ದಿರ್ಲಿಲ್ಲ ಕಣಮ್ಮ. ಯಾವ್ದೋ ಅಂಗ್ಡಿದ್ ತಂದು ನನ್ ಕಣ್ಣಿಗ್ ಮಣ್ಣೆರಚ್ತೀಯ? ಅವ್ನಿಗೆ ಇಡಾಕೆ?'

ಗಾಳಕ್ಕೆ ಬಿದ್ದರೆ ಬಾಯಿ ಹರಿಯುತ್ತದೆ, ಬಲೆಗೆ ಬಿದ್ದರೆ ಹರಿಯುವುದಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಅತ್ತೆ ಮೀನನ್ನು ತಟ್ಟೆಗೆ ಹಾಕಿ ಗೋಡೆಗೆ ಒರಗಿ ಕೂತಿದ್ದರು. ಅಳುತ್ತಿರಲಿಲ್ಲ. ಮಗ ನಾಳೆ ಬಂದು ಹಸಿದು ಹೋಗುತ್ತಾನೆ ಎಂಬುದು ಅವರಿಗೆ ಖಾತ್ರಿಯಾಗಿತ್ತು, ಅಷ್ಟೆ. ಅವರ ಹತ್ತಿರ ಉಳಿದಿರುವುದೇ ಆ ಮಗ, ಭಾನುವಾರ ಭಾನುವಾರ ಮೀನು ಹಿಡಿದು ತರುತ್ತಿದ್ದವನು.

ಹೌದು ಅತ್ತೆ, ಕೊಂಡುಕೊಂಡು ಬಂದೆ ಎಂದೆ. ತಪ್ಪಾಯಿತು. ನಾಳೆ ಬೆಳಿಗ್ಗೆಯೇ ಹೋಗಿ ಹಿಡಿದುಕೊಂಡೇ ಬರುತ್ತೇನೆ.

ನನ್ನ ಗೆಂಡೆಯನ್ನು ನಾನೇ ಹುರಿದುಕೊಂಡು ಊಟ ಮಾಡಿದೆ. ಅತ್ತೆ ಮುಟ್ಟಲಿಲ್ಲ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಉಪ್ಪು ಹೆಚ್ಚೋ ಕಡಿಮೆಯೋ ನಾಲಿಗೆಗೆ ತಿಳಿದು ಎಷ್ಟು ದಿನವಾಗಿತ್ತು.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

ಬೆಳಿಗ್ಗೆ ಒಬ್ಬಳೇ ಹೋದೆ. ಗಾಳ ಸ್ಕೂಟಿಗೆ ಕಟ್ಟಿಕೊಂಡೇ ಹೋದೆ, ಅತ್ತೆ ಬಾಗಿಲಲ್ಲಿ ನಿಂತಿದ್ದರಲ್ಲ. ಹಿನ್ನೀರಿಗೆ ಇಳಿಯಲಿಲ್ಲ. ಕೆಂಚಮ್ಮನ ಟಾರ್ಪಾಲಿನ ಮುಂದೆ ನಿಲ್ಲಿಸಿ, ಇವರಿಗೆ ಎತ್ತಿಡುತ್ತಿದ್ದಿರಲ್ಲ, ಅಂಥದ್ದೇ ಒಂದು ಕೊಡಿ, ಎಡೆಗೆ ಎಂದೆ. ಹುಡುಕಿ ಹುಡುಕಿ ತೆಗೆದಳು. ಬಾಯಿ ಚೆನ್ನಾಗಿರಲಿ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ನೋಡಿ ಕೊಟ್ಟಳು. ಹೊರಟವಳನ್ನು ತಡಿ ತಡಿ ಎಂದು ನಿಲ್ಲಿಸಿ, ಚೀಲದ ಮೇಲೆ ಒಂದು ಚೊಂಬು ನೀರು ಸುರಿದು, ಹಿಡಿ ಕೆಸರು ತಂದು ಅಲ್ಲಲ್ಲಿ ಬಳಿದಳು. ಅಣ್ಣ ಇದನ್ನ ಮರೀತಿರ್ಲಿಲ್ಲ ಕಣವ್ವ ಎಂದಳು. ಕಳ್ಳ. ಆ ಕೆಸರೆಲ್ಲ ಸಿಂಕ್‌ನಿಂದ ತೊಳೆದವಳು ನಾನು.

ಬೇಗ ಹೋದರೆ ಅನುಮಾನ ಬರುತ್ತದೆಂದು ಅಲ್ಲೇ ಟಾರ್ಪಾಲಿನ ಕೆಳಗೆ ಬಹಳ ಹೊತ್ತು ಕೂತಿದ್ದೆ. ಅವನೂ ಇಲ್ಲೇ ಕೂತಿದ್ದಿರಬೇಕು.

ಅತ್ತೆ ಮೀನನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬಾಯಿ ನೋಡಿದರು. ಇದು ಕಣವ್ವ ಮೀನು ಅಂದ್ರೆ, ಎಂದರು. ಅಡುಗೆಮನೆಯಲ್ಲಿ ಹುರುಪೆ ತೆಗೆಯಲು ಕೂತೆ. ಎದುರಿಗೆ ಬಂದು ಮಣೆ ಹಾಕಿಕೊಂಡು ಕೂತರು.

'ಎಂಗ್ ಹಿಡ್ದೆ, ಹೇಳು. ಅವ್ನು ಪೂರ್ತಿ ಹೇಳೋನು.'

ಅವರು ಕಾಯುತ್ತಿದ್ದರು. ಹೇಳಿದೆ. ಬೆಂಡು ಮೊದಲು ಸುಮ್ಮನೆ ಅಲುಗಿತು ಅತ್ತೆ, ಗಾಳಿ ಅಂದುಕೊಂಡೆ ಎಂದೆ. ಆಮೇಲೆ ಓರೆಯಾಗಿ ಸರಿದು ಹೋಯಿತು. ಎಳೆದರೆ ಅದೂ ಎಳೆಯಿತು. ರೀಲ್ ಸದ್ದು ಮಾಡಿ ತೋರಿಸಿದೆ. ಮಾಲಾ ಸೊಂಟ ಹಿಡಿದದ್ದು ಹೇಳಿದೆ. ಅತ್ತೆ ಬೊಚ್ಚು ಬಾಯಿ ಬಿಟ್ಟುಕೊಂಡು ನಕ್ಕರು. ಆಮೇಲೆ, ಆಮೇಲೆ ಎಂದರು. ಬಿಟ್ಟುಬಿಡೋಣ ಎನಿಸಿತು ಅತ್ತೆ, ಅಷ್ಟು ಒದ್ದಾಡಿತು, ಆದರೆ ಇವರಿಗೆ ಬೇಕಲ್ಲ ಎಂದೆ. ಇವರಿಗೆ ಎಂದದ್ದೇ ಅಳು ಬಂತು. ಜೋರಾಗಿ, ಬೀದಿಗೆ ಕೇಳುವ ಹಾಗೆ. ಕೈಯೆಲ್ಲ ಹುರುಪೆ, ಮುಖ ಒರೆಸಿಕೊಳ್ಳಲೂ ಆಗಲಿಲ್ಲ. ಅತ್ತೆಯೇ ಸೆರಗಿನಿಂದ ಒರೆಸಿದರು. ಯಾಕೆ ಎಂದು ಕೇಳಲಿಲ್ಲ.

ಈಗ ಸಂಜೆ. ಎಡೆ ಇಟ್ಟಾಗಿದೆ. ಬಾಡು, ಮುದ್ದೆ, ವಡೆ, ಅವರ ಶರ್ಟು, ನಡುವೆ ಗೆಂಡೆಯ ಸಾರು. ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಕೂತಿದ್ದೇವೆ. ಅಮರ್ ಕೂಡ ಬಂದಿದ್ದಾನೆ, ಸುಮ್ಮನೆ ನೋಡಲು ಎನ್ನುತ್ತಾನೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದ್ದಾರೆ. ಒಳಗೆ ಸದ್ದಿಲ್ಲ. ನಾನು ಮೆಟ್ಟಿಲ ಮೇಲೆ ಇದನ್ನು ಬರೆಯುತ್ತಾ ಕೂತಿದ್ದೇನೆ.

ರೀ, ಇವತ್ತು ನಾನೇನೂ ಕೇಳುವುದಿಲ್ಲ. ಸುಮ್ಮನೆ ಕೂತು ಉಣ್ಣಿ. ಗೆಂಡೆಯಲ್ಲಿ ಮುಳ್ಳು ಜಾಸ್ತಿ, ನೋಡಿಕೊಂಡು, ನಿಧಾನ—